ಸ್ವಲ್ಪ ಅಂದರೆ ಎಷ್ಟು

ಫೆಬ್ರವರಿ 3, ಸೋಮವಾರ

ದಿನಾ ಒಂದು ಪುಟ ಬರೆಯಬೇಕಂತೆ, ಅದೂ ಬಲಗೈಯಲ್ಲೇ. ಡಾಕ್ಟರ ಅಪ್ಪಣೆ. ಏನು ಬರೆಯಲಿ ಎಂದು ಕೇಳಿದರೆ, "ಏನಾದ್ರೂ ಬರೀರಿ. ನಾನು ಓದಲ್ಲ, ಅಕ್ಷರ ಎಷ್ಟು ಅಲ್ಲಾಡಿದೆ ಅಂತ ಮಾತ್ರ ನೋಡ್ತೀನಿ" ಎಂದರು. ಓದುವುದಿಲ್ಲ ಎಂದಮೇಲೆ ಧೈರ್ಯವಾಗಿ ಬರೆಯಬಹುದು. ಡಾಕ್ಟರ ಬಿಳಿ ಕೋಟಿನ ಎಡಭುಜ ಜಾರಿ ತೋಳಿನ ಮೇಲೆ ಬಂದು ಕೂತಿದೆ. ಅದನ್ನು ಹೊಲಿದವರು ಯಾರೋ, ಹಿಡಿದು ನಾಲ್ಕು ಮಾತು ಬೈಯಬೇಕು.

ನಡುಕ ಶುರುವಾಗಿ ಏಳೆಂಟು ತಿಂಗಳಾಯಿತು. ಮೊದಮೊದಲು ಕಾಫಿ ಲೋಟಕ್ಕೆ ಮಾತ್ರ ಗೊತ್ತಿತ್ತು. ಮೊನ್ನೆ ಬಟ್ಟೆಗೂ ಗೊತ್ತಾಯಿತು. ಬೂದು ಬಣ್ಣದ ಉಣ್ಣೆ ಬಟ್ಟೆಯಲ್ಲಿ ಕಾಲರ್ ಕತ್ತರಿಸುತ್ತಿದ್ದೆ. ಕೈ ಒಮ್ಮೆ ಎಗರಿತು, ಕತ್ತರಿ ಗೆರೆ ದಾಟಿ ಒಳಗೆ ನುಗ್ಗಿತು. ಹೊಲಿಗೆಮನೆಯ ಯಂತ್ರಗಳೆಲ್ಲ ಒಂದು ಗಳಿಗೆ ನಿಂತವು. ಯಾರಾದರೂ ನಕ್ಕಿದ್ದರೆ ಜಗಳವಾಡಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇವತ್ತು ಯಜಮಾನಿ ಕರೆದಳು. ಎದುರಿಗೆ "ನೀವು" ಎನ್ನುತ್ತೇನೆ. ಇಲ್ಲಿ ಯಾಕೆ ಎನ್ನಲಿ, ಅವರಪ್ಪ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ನನ್ನ ಮೇಜಿನ ಕೆಳಗೆ ಕೂತು ಚಿಂದಿ ಆಯುತ್ತಿದ್ದವಳು.

"ಮಾಸ್ಟ್ರಮ್ಮ, ಕೋಟಿನ ಬಟ್ಟೆಗೆ ಇನ್ನು ನೀವು ಕತ್ತರಿ ಹಾಕೋದು ಬೇಡ" ಎಂದಳು. ನಾನು ಗೋಡೆ ನೋಡಿದೆ. ಅವಳು ಕೈಯಲ್ಲಿದ್ದ ದೊಡ್ಡ ಆರ್ಡರಿನ ವಿಷಯ ತೆಗೆದಳು. ವಾದ್ಯವೃಂದದವರಿಗೆ ನಲವತ್ತೆರಡು ಕರಿ ಕೋಟು, ಒಬ್ಬೊಬ್ಬರಿಗೂ ಬೇರೆ ಅಳತೆ. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿರುವ ಬ್ಲೇಡಿನ ಯಂತ್ರಕ್ಕೆ ಈಗ ಕೆಲಸ ಬಂದಿದೆ. ನನ್ನ ತಲೆಯಲ್ಲಿರುವ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕು, ಅದು ಹೇಳಿದಂತೆ ಬ್ಲೇಡು ಕತ್ತರಿಸುತ್ತದೆ.

"ಮೊದಲು ನಾಲ್ಕು ಕೋಟು ಮಾಡೋಣ. ಮೈಗೆ ಸರಿಯಾಗಿ ಕೂತರೆ ಕಟಿಂಗ್ ಮೇಜು ನಿಮ್ಮದೇ, ಯಂತ್ರ ನಿಮ್ಮ ಮಾತು ಕೇಳ್ಕೊಂಡು ಇರುತ್ತೆ. ಕೂರದಿದ್ರೆ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಸಿದ್ಧ ಅಳತೆ ತರಿಸಿ ಅದರಲ್ಲೇ ಮುಗಿಸ್ತೀನಿ."

"ಆಗ ನಾನು?"

"ಗುಂಡಿ ಸರಿಯಾಗಿ ಹಚ್ಚಿದ್ದಾರಾ ಅಂತ ನೋಡೋಕೆ ಒಬ್ಬರು ಬೇಕಲ್ಲ."

ಗುಂಡಿ ನೋಡುವವಳು. ಮೂವತ್ತು ವರ್ಷ ಕತ್ತರಿ ಹಿಡಿದ ಮೇಲೆ ಗುಂಡಿ ಎಳೆದು ನೋಡುತ್ತಾ ಕೂರಬೇಕು. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಓಡಾಡಿ ಬಂದೆ. ಪುಟ ತುಂಬಿತು, ಸಾಕು.

ಫೆಬ್ರವರಿ 5, ಬುಧವಾರ

ತಂಗಿಯ ಮಗಳು ಪುಟ್ಟಿ ಹೋದ ತಿಂಗಳಿಂದ ನಮ್ಮ ಮನೆಯಲ್ಲಿದ್ದಾಳೆ. ಅವಳಿದ್ದ ಕಂಪನಿ ಬಾಗಿಲು ಹಾಕಿತು. ಪ್ರೋಗ್ರಾಂ ಬರೆಯುವುದು ಅವಳ ಕಸುಬು, ಬಿಸಿಲು ಹೊಟ್ಟೆಗೆ ಬೀಳುವವರೆಗೆ ಮಲಗುವುದು ಹವ್ಯಾಸ. ಯಜಮಾನಿ ಹೇಳಿದ್ದನ್ನು ಅವಳಿಗೆ ಹೇಳಿದೆ. ಹುಡುಗಿ ಹಾಸಿಗೆಯಿಂದ ಎದ್ದೇಬಿಟ್ಟಳು.

"ಇದಕ್ಕೆ ನಾನು ಹೊಸದಾಗಿ ಬರೆಯೋದು ಹೆಚ್ಚೇನಿಲ್ಲ ದೊಡ್ಡಮ್ಮ, ಒಂದು ಲೈಬ್ರರಿ ಇದೆ" ಎಂದಳು. ನಾನು ಕಪಾಟು, ಪುಸ್ತಕ, ಸದ್ದು ಮಾಡಬೇಡಿ ಎಂಬ ಬೋರ್ಡು ಎಲ್ಲ ನೆನೆದುಕೊಂಡೆ. ಅದಲ್ಲವಂತೆ. ಬೇರೆ ಯಾರೋ ಮೊದಲೇ ಬರೆದು, ಬೇಕಾದವರು ಬಳಸಲಿ ಎಂದು ಬಿಟ್ಟಿರುವ ಪ್ರೋಗ್ರಾಮು. ನಾವು ಸೂತ್ರವನ್ನು ಮಾತಿನ ಹಾಗೆ ಬರೆದುಕೊಟ್ಟರೆ ಅದು ಓದಿ, ಬಿಡಿಸಿ, ಉತ್ತರ ಹೇಳುತ್ತದೆ. ಸೂತ್ರದಲ್ಲಿ ಎದೆ, ಭುಜ, ಸೊಂಟ ಎಂದು ಹೆಸರುಗಳನ್ನಿಡಬಹುದು. ಆಮೇಲೆ ಒಬ್ಬೊಬ್ಬರ ಅಳತೆಯನ್ನು ಆ ಹೆಸರುಗಳಿಗೆ ಕೊಟ್ಟರಾಯಿತು.

"ಒಂದು ಸೂತ್ರ ಹೇಳು, ನೋಡೋಣ" ಎಂದಳು.

ಇದೇನು ಮಹಾ ಎಂದುಕೊಂಡು ಮುಂಭಾಗದ ಅಗಲ ಹೇಳಿದೆ. ಎದೆಯ ಸುತ್ತಳತೆಗೆ ಸಡಿಲಕ್ಕೆಂದು ನಾಲ್ಕು ಇಂಚು ಕೂಡಿಸಿ, ನಾಲ್ಕರಿಂದ ಭಾಗಿಸು. ನನ್ನ ಕೈಯಲ್ಲೇ ಬರೆಸಿದಳು: ಎದೆ + 4 / 4. ಎದೆಗೆ ನಲವತ್ತು ಕೊಟ್ಟಳು. ಹನ್ನೊಂದು ಬರಬೇಕು. ಪರದೆಯ ಮೇಲೆ ನಲವತ್ತೊಂದು ಬಂತು. ಕೋಟಿನ ಕಾಲು ಭಾಗಕ್ಕೇ ನಲವತ್ತೊಂದು ಇಂಚು.

"ಆನೆಗೆ ಆರ್ಡರ್ ಬಂದ್ರೆ ನೀನು ತಯಾರಿದ್ದೀಯ ಅಂತಾಯ್ತು" ಎಂದರು ನಮ್ಮವರು ಅಡುಗೆಮನೆಯಿಂದ. ಅಂಚೆ ಕಚೇರಿಯಿಂದ ನಿವೃತ್ತರಾದಾಗಿನಿಂದ ಅವರಿಗೆ ನಾಲಿಗೆಯೊಂದೇ ಕೆಲಸ.

"ನಿನ್ನ ಲೈಬ್ರರಿಗೆ ಲೆಕ್ಕ ಬರಲ್ಲ" ಎಂದು ಎದ್ದು ಬಂದೆ.

ಫೆಬ್ರವರಿ 6, ಗುರುವಾರ

ಅದು ಭಾಗಾಕಾರವನ್ನು ಮೊದಲು ಮಾಡಿ ಆಮೇಲೆ ಕೂಡಿಸುತ್ತದಂತೆ. ಕೂಡಿಸುವುದು ಮೊದಲಾಗಬೇಕಾದರೆ ಅದಕ್ಕೆ ಆವರಣ ಹಾಕಬೇಕು. (ಎದೆ + 4) / 4. ಪುಟ್ಟಿ ಮಲಗಿದ್ದಾಗ ಒಬ್ಬಳೇ ಕುಟ್ಟಿ ನೋಡಿದೆ. ಹನ್ನೊಂದು ಬಂತು. ಅವಳಿಗೆ ಹೇಳಲಿಲ್ಲ, ಜಂಬ ಬಂದೀತು.

ಫೆಬ್ರವರಿ 10, ಸೋಮವಾರ

ಇವತ್ತಿಡೀ ಜಗಳ. ಕಂಕುಳ ತಿರುವಿನ ಲೆಕ್ಕ ಹೇಳುತ್ತಿದ್ದೆ. ಕೋಟಿನ ಪ್ರಾಣವಿರುವುದೇ ಅಲ್ಲಿ. ಭುಜದಿಂದ ಕೆಳಗಿಳಿದು, ಎದೆಯ ಕಡೆ ಒಳಗೆ ಹೋಗಿ, ಮತ್ತೆ ಹೊರಗೆ ಬಂದು ಪಕ್ಕದ ಹೊಲಿಗೆ ಸೇರುವ ಗೆರೆ.

"ಇಲ್ಲಿಂದ ಸ್ವಲ್ಪ ಒಳಗೆ ತಗೋ" ಎಂದೆ.

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ ಸ್ವಲ್ಪ."

"ಹಂಗೇ ಬರೆದ್ರೆ, ಸ್ವಲ್ಪ ಅನ್ನೋ ಹೆಸರು ನನಗೆ ಗೊತ್ತಿಲ್ಲ ಅನ್ನುತ್ತೆ ದೊಡ್ಡಮ್ಮ." ಬರೆದು ತೋರಿಸಿದಳು. ಹೌದು, ಕೆಂಪು ಅಕ್ಷರದಲ್ಲಿ ಹಾಗೇ ಹೇಳಿತು. ಊಹೆ ಮಾಡುವುದಿಲ್ಲ, ಮುಲಾಜಿಲ್ಲ. ಹೊಲಿಗೆಮನೆಯ ಎಷ್ಟೋ ಜನ ನಾನು ಹೇಳಿದ್ದು ಅರ್ಥವಾಗದಿದ್ದರೂ ತಲೆಯಾಡಿಸಿ ಹೋಗಿ ಏನೋ ಒಂದು ಮಾಡಿಟ್ಟಿರುತ್ತಾರೆ. ಈ ವಿಷಯದಲ್ಲಿ ಇದು ಮೇಲು.

ಕೊನೆಗೆ ಕಾಗದದ ಮೇಲೆ ಚಾಕ್‌ನಿಂದ ಗೆರೆ ಎಳೆದೆ, ಪುಟ್ಟಿ ನನ್ನ ಮೊಣಕೈ ಹಿಡಿದುಕೊಂಡಳು. ಟೇಪು ಇಟ್ಟು ನೋಡಿದರೆ ನನ್ನ ಸ್ವಲ್ಪ ಪ್ರತಿ ಸಲವೂ ಮುಕ್ಕಾಲು ಇಂಚು. ಅವಳು ಮುಕ್ಕಾಲು ಎಂದು ಬರೆದುಕೊಂಡಳು.

ಒಂದೊಂದೇ ಬಾಯಿ ಬಿಡಿಸುತ್ತಿದ್ದಾಳೆ. ಎಲ್ಲ ಹೇಳಿ ಮುಗಿದ ಮೇಲೆ ನನ್ನಲ್ಲಿ ಉಳಿಯುವುದೇನು ಎಂದು ಊಟದ ಹೊತ್ತಿಗೆ ಹೊಳೆಯಿತು. ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಫೆಬ್ರವರಿ 14, ಶುಕ್ರವಾರ

ಮುಗಿಯಿತು. ಮುಂಭಾಗ, ಬೆನ್ನು, ತೋಳು, ಕಾಲರು, ಜೇಬಿನ ಮುಚ್ಚಳ ಎಲ್ಲ ಸೂತ್ರವಾಗಿವೆ. ಹೊಟ್ಟೆ ಮುಂದಿರುವವರಿಗೆ ಬೇರೆ ದಾರಿ, ಬೆನ್ನು ಬಾಗಿದವರಿಗೆ ಬೇರೆ ದಾರಿ. "ಹೊಟ್ಟೆ ಎದೆಗಿಂತ ಹೆಚ್ಚಿದ್ದರೆ" ಎಂದೂ ಅದಕ್ಕೆ ಹೇಳಬಹುದು. ಅದು ನೋಡಿ ತೀರ್ಮಾನಿಸುತ್ತದೆ. ಗಿರಾಕಿಯ ಮುಖ ನೋಡಿ ಸಂಕೋಚಪಡುವುದಿಲ್ಲ.

ನಾಲ್ವರು ವಾದ್ಯದವರ ಅಳತೆ ಕೊಟ್ಟೆವು. ಒಂದೊಂದು ಉತ್ತರವನ್ನೂ ನಾನು ಪೆನ್ಸಿಲಿನಲ್ಲಿ ಮಾಡಿ ತಾಳೆ ನೋಡಿದೆ. ಎಲ್ಲ ಸರಿ. ಒಂದು ಕಡೆ ನನ್ನದೇ ತಪ್ಪಿತ್ತು, ಅದರದ್ದು ಸರಿ. ಬೇಕೆಂದೇ ಹತ್ತು ಸಲ ಅದೇ ಲೆಕ್ಕ ಕೇಳಿದೆ, ಹತ್ತು ಸಲವೂ ಅದೇ ಉತ್ತರ ಹೇಳಿತು. ನನಗಾಗಿದ್ದರೆ ಮೂರನೆಯ ಸಲಕ್ಕೇ ಸಿಟ್ಟು ಬರುತ್ತಿತ್ತು.

ನಾಳೆ ಬ್ಲೇಡಿಗೆ ಕೊಡುತ್ತೇವೆ. ಬುಧವಾರ ಟ್ರಯಲ್. ಪುಟ್ಟಿಗೆ ಒಂದು ಸ್ಕರ್ಟ್ ಹೊಲಿದುಕೊಡಬೇಕು ಅನ್ನಿಸಿತು. ಹೇಗೆ ಹೊಲಿದುಕೊಡಲಿ ಎಂದೂ ಅನ್ನಿಸಿತು.

ಫೆಬ್ರವರಿ 19, ಬುಧವಾರ

ಹಾಳಾಯಿತು.

ನಾಲ್ವರೂ ಬಂದರು. ಕಚ್ಚಾ ಹೊಲಿಗೆ ಹಾಕಿದ ಕೋಟು ತೊಟ್ಟು ಸಾಲಾಗಿ ಕನ್ನಡಿ ಮುಂದೆ ನಿಂತರು. ಸುಮ್ಮನೆ ನಿಂತಾಗ ಚೆನ್ನಾಗಿಯೇ ಇತ್ತು. ಯಜಮಾನಿಯ ಮುಖ ಅರಳಿತ್ತು. ಅಷ್ಟರಲ್ಲಿ ಪಿಟೀಲಿನವನು ಪೆಟ್ಟಿಗೆ ತೆರೆದು, ಪಿಟೀಲು ಗದ್ದಕ್ಕಿಟ್ಟು ಕೈಯೆತ್ತಿದ. ಇಡೀ ಕೋಟು ಅವನ ಕೈಯ ಜೊತೆ ಮೇಲೆದ್ದಿತು. ಕಾಲರು ಕಿವಿ ಮುಟ್ಟಿತು. ಅವನು ಪಿಟೀಲು ಇಳಿಸಿ, "ಕೋಟು ಚೆನ್ನಾಗಿದೆ ಅಮ್ಮ, ಆದ್ರೆ ಇದರಲ್ಲಿ ನಾನು ನುಡಿಸೋಕಾಗಲ್ಲ, ಫೋಟೊ ತೆಗೆಸ್ಕೋಬಹುದು ಅಷ್ಟೆ" ಎಂದ. ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದ.

ಉಳಿದ ಮೂವರದ್ದೂ ಅದೇ ಕಥೆ. ಎದೆಯ ಮೇಲೆ ಬಿಗಿ, ಕಂಕುಳಲ್ಲಿ ಹಿಡಿತ. ಮೂವತ್ತು ವರ್ಷದಲ್ಲಿ ನನ್ನ ಒಂದು ಕೋಟೂ ಕಂಕುಳಲ್ಲಿ ಹಿಡಿದಿಲ್ಲ.

"ಯಂತ್ರ ಸರಿಯಿಲ್ಲ" ಎಂದೆ. ಯಜಮಾನಿ ನಾಲ್ಕೂ ಕೋಟುಗಳನ್ನು ಹ್ಯಾಂಗರಿಗೆ ಹಾಕಿದಳು. ಅವರು ಹೋದ ಮೇಲೆ, "ಇನ್ನೊಂದು ಸಲ ನೋಡೋಣ ಮಾಸ್ಟ್ರಮ್ಮ. ಐದನೇ ತಾರೀಖು. ಅದಕ್ಕಿಂತ ಹೆಚ್ಚು ಕಾಯೋಕೆ ನನ್ನ ಕೈಲಾಗಲ್ಲ" ಎಂದಳು.

ಮನೆಗೆ ಬಂದು ಪುಟ್ಟಿಯ ಮೇಲೆ ಹರಿಹಾಯ್ದೆ. ನಿನ್ನ ಲೈಬ್ರರಿ ನನ್ನ ಲೆಕ್ಕವನ್ನೆಲ್ಲ ನುಂಗಿ ನೀರು ಕುಡಿಯಿತು ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. "ನಿನ್ನ ಕಂಪನಿ ಯಾಕೆ ಮುಚ್ಚಿಹೋಯ್ತು ಅಂತ ಈಗ ಗೊತ್ತಾಯ್ತು ಬಿಡು" ಎಂದೂ ಅಂದೆ. ಹುಡುಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬರಲಿಲ್ಲ.

ಫೆಬ್ರವರಿ 20, ಗುರುವಾರ

ಯಂತ್ರದ ಮೆಕ್ಯಾನಿಕ್ ಬಂದಿದ್ದ. ಅಳೆದ, ಬಿಚ್ಚಿದ, ಮತ್ತೆ ಅಳೆದ. ಬ್ಲೇಡು ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿಲ್ಲವಂತೆ. ಬಟ್ಟೆ ನೆನೆಸಿ ಒಣಗಿಸಿ ನೋಡಿದೆವು, ಕುಗ್ಗಿಲ್ಲ. ಮನೆಗೆ ಬಂದರೆ ಮೇಜಿನ ಮೇಲೆ ಪುಟ್ಟಿ ಹಾಳೆಗಳ ಕಟ್ಟು ಇಟ್ಟಿದ್ದಳು. ಪ್ರತಿಯೊಂದು ಸೂತ್ರವನ್ನೂ ಅವಳು ಕೈಯಲ್ಲಿ ಬಿಡಿಸಿ ತಾಳೆ ನೋಡಿದ್ದಾಳೆ. ಎಲ್ಲೂ ತಪ್ಪಿಲ್ಲ.

ಯಂತ್ರ ಸರಿ, ಬಟ್ಟೆ ಸರಿ, ಲೈಬ್ರರಿ ಸರಿ. ಹಾಗಾದರೆ ಯಾರು? ಸಂಜೆ ಚಪ್ಪಲಿ ಮೆಟ್ಟಿ ಹೊರಟೆ. ಮಾರುಕಟ್ಟೆ ದಾಟಿ, ಸೇತುವೆ ದಾಟಿ, ಬಸ್ಸು ತಿರುಗುವ ಜಾಗದವರೆಗೆ ನಡೆದೆ. ದಾರಿಯಲ್ಲಿ ಹೋಗುವವರ ಕಂಕುಳನ್ನೇ ನೋಡುತ್ತಿದ್ದೆ. ಒಬ್ಬಾಕೆ ಗಾಬರಿಯಾಗಿ ರಸ್ತೆಯ ಆಚೆ ಬದಿಗೆ ಹೋದಳು.

ಫೆಬ್ರವರಿ 21, ಶುಕ್ರವಾರ

ಕೂತರೆ ಏಳಬೇಕು, ಎದ್ದರೆ ಕೂರಬೇಕು. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತಿದೆ. ಇವತ್ತಿನ ಅಕ್ಷರ ನನಗೇ ಓದಲು ಬರುತ್ತಿಲ್ಲ.

ಫೆಬ್ರವರಿ 23, ಭಾನುವಾರ

ಪುಟ್ಟಿಯ ಕಂಪ್ಯೂಟರಿನಲ್ಲಿ ಕುಟ್ಟುತ್ತಿದ್ದೇನೆ. ಪೆನ್ನು ಹಿಡಿದರೆ ವಾಕ್ಯದ ಅರ್ಧಕ್ಕೇ ಯೋಚನೆ ಓಡಿಹೋಗುತ್ತದೆ.

ಬೆಳಿಗ್ಗೆ ಪುಟ್ಟಿಯ ಬಾಗಿಲು ಬಡಿದು, "ಏಳು, ಕಾಫಿ ಆರ್ತಿದೆ" ಎಂದೆ. ಕ್ಷಮೆ ಕೇಳಲು ನನಗೆ ಬರುವುದಿಲ್ಲ, ಅವಳಿಗೂ ಅದು ಗೊತ್ತಿದೆ. ಬಂದು ಕೂತಳು. ಲೋಟ ಕೆಳಗಿಟ್ಟು, "ದೊಡ್ಡಮ್ಮ, ಸೂತ್ರ ಸರಿಯಾಗಿದೆಯಾ ಅಂತ ನೋಡಿದ್ವಿ. ನೀನು ಮೊದಲು ಕತ್ತರಿಸಿರೋ ಕೋಟು ಆ ಸೂತ್ರದಂತೆ ಇದೆಯಾ ಅಂತ ಯಾವತ್ತಾದ್ರೂ ನೋಡಿದ್ದೀಯಾ?" ಎಂದಳು.

ಇರದೇ ಏನು ಎಂದು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಕತ್ತರಿಸಿದ ಮೇಲೆ ಯಾರು ಅಳೆಯುತ್ತಾರೆ? ಹೊಲಿಯುತ್ತಾರೆ, ತೊಡುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ.

ಮನೆಯಲ್ಲಿ ನಾನು ಕತ್ತರಿಸಿದ ಕೋಟು ಒಂದೇ, ನಮ್ಮವರದ್ದು. ಸರಿಯಾಗಿ ಅಳೆಯಬೇಕಾದರೆ ಹೊಲಿಗೆ ಬಿಚ್ಚಿ ಹರಡಬೇಕು.

"ಅದು ನನ್ನ ಒಂದೇ ಒಂದು ಒಳ್ಳೆ ಕೋಟು ಕಣೇ" ಎಂದರು.

"ಮತ್ತೆ ಹೊಲಿದುಕೊಡ್ತೀನಿ ರೀ."

"ಯಾವ ಕೈಯಲ್ಲಿ?"

ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಒಳಗೆ ಹೋಗಿ ಗಡ್ಡದ ಬ್ಲೇಡು ತಂದು, ಕನ್ನಡಕ ಹಾಕಿಕೊಂಡು ತಾವೇ ಹೊಲಿಗೆ ಬಿಚ್ಚುತ್ತಾ ಕೂತರು. ಒಂದು ಎಳೆ ಬಟ್ಟೆಗೂ ಗಾಯವಾಗದ ಹಾಗೆ ಬಿಚ್ಚಿದರು. ಇಷ್ಟು ನಾಜೂಕಿನ ಕೆಲಸ ಈ ಮನುಷ್ಯನಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಗಿನ ಅವರ ಅಳತೆ ನನಗೆ ಬಾಯಿಪಾಠ. ಲೈಬ್ರರಿಗೆ ಕೊಟ್ಟೆವು, ಉತ್ತರ ಬರೆದುಕೊಂಡೆವು, ಬಟ್ಟೆಯ ಮೇಲೆ ಟೇಪು ಇಟ್ಟೆವು. ನೆಟ್ಟಗಿನ ಗೆರೆಯಲ್ಲಿ ಬಟ್ಟೆ ಎಳೆಯಷ್ಟು ಹೆಚ್ಚು. ಎದೆಯಲ್ಲಿ ಕಾಲಿಂಚು ಹೆಚ್ಚು. ಕಂಕುಳ ತಿರುವಿನಲ್ಲಿ ಹೆಚ್ಚುಕಮ್ಮಿ ಅರ್ಧ ಇಂಚು ಹೆಚ್ಚು.

"ಗಂಡ ಅಂತ ಧಾರಾಳವಾಗಿ ಕತ್ತರಿಸಿದ್ದೀಯ" ಎಂದರು. ಪುಟ್ಟಿ ನಗಲಿಲ್ಲ. ನಾನೂ ನಗಲಿಲ್ಲ.

ಫೆಬ್ರವರಿ 25, ಮಂಗಳವಾರ

ಹೊಲಿಗೆಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದ ಮೇಲೆ ನನ್ನ ಕತ್ತರಿ ತೆಗೆದೆ. ವೃತ್ತಪತ್ರಿಕೆ ಹಾಸಿ, ಜೊತೆಗೆ ಕರೆತಂದಿದ್ದ ಪುಟ್ಟಿಯ ಕೈಯಲ್ಲಿ ಕಂಕುಳ ತಿರುವಿನ ಗೆರೆ ಎಳೆಸಿದೆ. ಗೆರೆಯ ಮೇಲೆಯೇ ಕತ್ತರಿಸಬೇಕೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಕತ್ತರಿಸಿದೆ.

ಅಂಚು ಇಲಿ ಕಚ್ಚಿದ ಹಾಗೆ ಬಂತು. ನಡುಕದಲ್ಲಿ ಎರಡು ಕಡೆ ಒಳಗೆ ನುಗ್ಗಿದೆ. ಉಳಿದಂತೆ ಪೂರ್ತಿ ಗೆರೆಯ ಹೊರಗೇ. ತಿರುವು ಶುರುವಾದ ಕಡೆಯಿಂದ ಕೈ ಹೊರಕ್ಕೆ ವಾಲುತ್ತಾ, ತಿರುವಿನ ಹೊಟ್ಟೆಯಲ್ಲಿ ಅತಿ ದೂರ ಹೋಗಿ, ಮತ್ತೆ ಗೆರೆಯ ಹತ್ತಿರ ಬರುತ್ತದೆ. ಇನ್ನೊಂದು ಹಾಳೆ, ಅದೇ. ಇನ್ನೊಂದು, ಅದೇ. ಕತ್ತರಿಸುವಾಗ ನನ್ನ ಕಣ್ಣಿಗೆ ಗೆರೆಯ ಮೇಲೆಯೇ ಹೋಗುತ್ತಿದ್ದೇನೆ ಎಂದೇ ಕಾಣುತ್ತಿತ್ತು.

ನನಗೆ ಕಲಿಸಿದ ಮಾಸ್ಟರು ಬಟ್ಟೆಯಲ್ಲಿ ಬಲು ಜಿಪುಣ. ಅವರ ಲೆಕ್ಕವೆಲ್ಲ ಬಿಗಿ. ಆ ಲೆಕ್ಕವನ್ನೇ ನಾನು ನಂಬಿ ಕಲಿತೆ. ಮೊದಲ ವರ್ಷ ಗಿರಾಕಿಗಳು ಗೊಣಗಿರಬೇಕು, ಬೈಸಿಕೊಂಡಿರಬೇಕು, ಆಗಲೇ ಯಾವಾಗಲೋ ಕೈ ತಾನಾಗಿ ಹೊರಗೆ ಹೋಗಲು ಕಲಿತಿದೆ. ನನಗೆ ಹೇಳಲೇ ಇಲ್ಲ. ಇಷ್ಟು ವರ್ಷ ಲೆಕ್ಕ ನನ್ನದು, ಕೈ ಅದರ ಆಳು ಎಂದು ಮೆರೆದೆ. ತಪ್ಪು ಲೆಕ್ಕವನ್ನೇ ಹೆಮ್ಮೆಯಿಂದ ಆ ಹುಡುಗಿಗೆ ಹೇಳಿ ಬರೆಸಿದೆ.

ಪುಟ್ಟಿ ಹಾಳೆಗಳನ್ನು ಎತ್ತಿ ಒಂದರ ಮೇಲೊಂದು ಜೋಡಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು, "ದೊಡ್ಡಮ್ಮ, ಇದು ತಪ್ಪಲ್ಲ, ಇದಕ್ಕೂ ಒಂದು ಲೆಕ್ಕ ಇದೆ, ನೋಡು" ಎಂದಳು. ನನಗೆ ನೋಡಬೇಕು ಅನ್ನಿಸಲಿಲ್ಲ.

ಫೆಬ್ರವರಿ 26, ಬುಧವಾರ

ಪುಟ್ಟಿ ಹೇಳುವುದು ಹೀಗೆ. ಕೈ ಎಷ್ಟು ಹೊರಗೆ ಹೋಗುತ್ತಿತ್ತೆಂದು ಸರಿಯಾಗಿ ಗೊತ್ತಾದರೆ ಅದನ್ನೂ ಸೂತ್ರದಲ್ಲಿ ಕೂಡಿಸಬಹುದು. ಆದರೆ ಈಗಿನ ನಡುಗುವ ಕೈಯಿಂದ ಅಳೆಯಲಾಗದು, ನಡುಕ ಬರುವ ಮೊದಲು ಕತ್ತರಿಸಿದ ಕೋಟುಗಳು ಬೇಕು. ಒಂದು ಕೋಟು ಸಾಲದು, ಅದು ಆಕಸ್ಮಿಕವಾಗಿರಬಹುದು. ಮೈಕಟ್ಟು ಪೂರ್ತಿ ಬೇರೆ ಇರುವವರದ್ದು ಇನ್ನೊಂದಾದರೂ ಬೇಕು.

ನಾನು ಕತ್ತರಿಸಿದ್ದೆಲ್ಲ ಗಿರಾಕಿಗಳ ಮೈಮೇಲೆ ಊರು ಸುತ್ತುತ್ತಿವೆ. ಹೊಲಿಗೆಮನೆಯಲ್ಲಿ ಉಳಿದದ್ದು ಒಂದೇ ಒಂದು. ಯಜಮಾನಿಯ ಅಪ್ಪನ ಕಂದು ಕೋಟು. ಅವರು ತೀರಿಕೊಂಡ ಮೇಲೆ ಅವಳ ಕೋಣೆಯ ಗೋಡೆಯಲ್ಲಿ ನೇತುಬಿದ್ದಿದೆ. ಅವಳು ಅದನ್ನು ಇಸ್ತ್ರಿ ಮಾಡಲೂ ಯಾರಿಗೂ ಕೊಡುವುದಿಲ್ಲ.

ಅದನ್ನು ಬಿಚ್ಚಿಕೊಡು ಎಂದು ಕೇಳಬೇಕು. ಯಾಕೆ ಎಂದು ಕೇಳುತ್ತಾಳೆ. ನನ್ನ ಲೆಕ್ಕ ತಪ್ಪು ಎಂದು ನನ್ನ ಬಾಯಿಂದಲೇ ಹೇಳಬೇಕು. ಹೇಳಿದ ತಕ್ಷಣ ಅವಳು ಆ ಮೂರು ಸಿದ್ಧ ಅಳತೆಗಳಿಗೆ ಫೋನು ಮಾಡಿದರೂ ಮಾಡಿದಳೇ. ಹೇಳದಿದ್ದರೆ ಅಂದಾಜಿನ ಮೇಲೆ ಅಲ್ಲಲ್ಲಿ ಕಾಲಿಂಚು ಅರ್ಧ ಇಂಚು ಸೇರಿಸಿ, ದೇವರ ಮೇಲೆ ಭಾರ ಹಾಕಿ ಟ್ರಯಲ್‌ಗೆ ಕೊಡಬಹುದು. ಸರಿಯಾದರೂ ಆಗಬಹುದು.

"ಅಂದಾಜು ಎಷ್ಟಕ್ಕೆ ಇಡೋಣ?" ಎಂದು ಪುಟ್ಟಿ ಕೇಳಿದಳು. ಸ್ವಲ್ಪ ಎಂದು ಹೇಳಲು ಹೊರಟು ನಾಲಿಗೆ ಕಚ್ಚಿಕೊಂಡೆ.

ಫೆಬ್ರವರಿ 27, ಗುರುವಾರ

ಹೇಳಿದೆ.

ಕೋಣೆಯ ಬಾಗಿಲಲ್ಲಿ ನಿಂತುಕೊಂಡೇ ಹೇಳಿದೆ, ಕೂತರೆ ಧೈರ್ಯ ಇಳಿದುಹೋಗುತ್ತದೆಂದು. "ಯಂತ್ರ ಸರಿಯಾಗಿಯೇ ಇದೆ. ನನ್ನ ಲೆಕ್ಕವೇ ಬಿಗಿ. ಕೈ ಅದನ್ನ ಸರಿ ಮಾಡ್ಕೊಂಡು ಬರ್ತಿತ್ತು, ನನಗೆ ಗೊತ್ತಿರಲಿಲ್ಲ. ಈಗ ಕೈ ಇಲ್ಲ. ಅದು ಎಷ್ಟು ಸರಿ ಮಾಡ್ತಿತ್ತು ಅಂತ ಅಳೆಯೋಕೆ ನಿಮ್ಮಪ್ಪನ ಕೋಟು ಬೇಕು. ಬಿಚ್ಚಬೇಕು."

ಅವಳು ಗೋಡೆಯ ಮೇಲಿನ ಕೋಟಿನ ಕಡೆ ತಿರುಗಿದಳು. ಹೊರಗೆ ಇಸ್ತ್ರಿ ಮೇಜಿನ ಆವಿಯ ಸದ್ದು ಬರುತ್ತಿತ್ತು.

"ಅಷ್ಟು ವರ್ಷ ನಿಮಗೇ ಗೊತ್ತಾಗ್ಲಿಲ್ವಾ ಮಾಸ್ಟ್ರಮ್ಮ?"

"ಇಲ್ಲ."

"ಅಪ್ಪ ಹೇಳ್ತಿದ್ರು, ಈ ಕೋಟು ಹಾಕ್ಕೊಂಡ್ರೆ ಹಾಕ್ಕೊಂಡಿದ್ದೀನಿ ಅಂತಾನೇ ಗೊತ್ತಾಗಲ್ಲ ಅಂತ." ಎದ್ದು ಹೋಗಿ ಕೋಟನ್ನು ಕೆಳಗಿಳಿಸಿದಳು. ಜೇಬುಗಳನ್ನು ಒಂದೊಂದಾಗಿ ನೋಡಿದಳು. ಏನೂ ಇರಲಿಲ್ಲ. "ನನ್ನ ಮುಂದೆ ಬೇಡ. ನಾನು ಮನೆಗೆ ಹೋದ ಮೇಲೆ ಬಿಚ್ಚಿ."

ಮೂರು ಸಿದ್ಧ ಅಳತೆಯ ಮಾತೆತ್ತಲಿಲ್ಲ. ಐದನೇ ತಾರೀಖಿನ ಮಾತನ್ನು ಹಿಂತೆಗೆದುಕೊಳ್ಳಲೂ ಇಲ್ಲ.

ಮಾರ್ಚ್ 3, ಸೋಮವಾರ

ಎರಡು ಕೋಟು, ಇಬ್ಬರು ಬೇರೆ ಬೇರೆ ಮೈಯವರು. ಒಬ್ಬರು ಕಡ್ಡಿ, ಇನ್ನೊಬ್ಬರು ಪೀಪಾಯಿ. ಕೈ ಹೊರಗೆ ಹೋಗಿರುವುದು ಮಾತ್ರ ಒಂದೇ ಥರ. ನೆಟ್ಟಗಿನ ಕಡೆ ಎಳೆಯಷ್ಟು, ತಿರುವು ಹೆಚ್ಚಿದಂತೆ ಹೆಚ್ಚು. ಪುಟ್ಟಿ ಟೇಪು ಹಿಡಿಯುವುದನ್ನು ಕಲಿತಿದ್ದಾಳೆ. ಮೊದಲು ತುದಿಯ ತಗಡನ್ನು ಬಿಟ್ಟು ಅಳೆಯುತ್ತಿದ್ದಳು, ಒಂದೆರಡು ಸಲ ಬೈದ ಮೇಲೆ ಸರಿಹೋಯಿತು. ಅವಳು ಅಳೆದಳು, ನಾನು ಕುಟ್ಟಿದೆ. ಎಡಗೈಯ ಎರಡು ಬೆರಳಲ್ಲಿ ಈಗ ಸಾಕಷ್ಟು ವೇಗ ಬಂದಿದೆ.

ಒಂದೂವರೆ ಇದ್ದ ಕಡೆ ಎರಡು, ಮುಕ್ಕಾಲು ಇದ್ದ ಕಡೆ ಕಾಲು ಎಂದು ಅಂಕಿಗಳನ್ನೇ ತಿದ್ದಿಬಿಡಬಹುದು, ಲೈಬ್ರರಿಗೆ ಎರಡೂ ಒಂದೇ ಎಂದಳು ಪುಟ್ಟಿ. ಬೇಡ ಎಂದೆ. ಮಾಸ್ಟರ ಲೆಕ್ಕ ಅವರದ್ದು, ಅದು ಹಾಗೇ ಇರಲಿ. ಕೈಯದ್ದು ಬೇರೆ ಕಾಣಬೇಕು. ಕೀಬೋರ್ಡು ನನ್ನ ಕಡೆ ಎಳೆದುಕೊಂಡು ನಾನೇ ಬರೆದೆ: (ಎದೆ + 4) / 4 + ಕೈ * ತಿರುವು.

ಕೆಂಪು ಅಕ್ಷರ ಬಂತು. ಕೈ ಎಂಬ ಹೆಸರು ಗೊತ್ತಿಲ್ಲವಂತೆ.

ಅದಕ್ಕೆ ಬೆಲೆ ಕೊಡಲು ಮರೆತಿದ್ದೆ. ಎರಡು ಕೋಟಿನಿಂದ ಸಿಕ್ಕ ಅಂಕಿಯನ್ನು ಕೊಟ್ಟೆ. ಪ್ರತಿ ಗೆರೆಯ ತಿರುವು ಎಷ್ಟು ಎಂಬ ಅಂಕಿಯನ್ನು ಪುಟ್ಟಿ ಕೊಟ್ಟಳು. ಉತ್ತರಗಳು ಒಂದರ ಹಿಂದೊಂದು ಬಂದವು. ಕಂದು ಕೋಟಿಗೆ ಅಂಗಡಿಯ ಹಳೆಯ ಅಳತೆ ಪುಸ್ತಕದಲ್ಲಿದ್ದ ಅಂಕಿ ಹಾಕಿ ನೋಡಿದೆವು. ಬಟ್ಟೆಯ ಮೇಲಿದ್ದದ್ದೇ ಪರದೆಯ ಮೇಲೂ ಬಂತು, ಎಳೆಯಷ್ಟೂ ವ್ಯತ್ಯಾಸವಿಲ್ಲದೆ. ಪುಟ್ಟಿ ನನ್ನ ಕೆನ್ನೆ ಹಿಂಡಿದಳು. ಯಾರ ಕೆನ್ನೆಯನ್ನು ಯಾರು ಹಿಂಡಬೇಕೋ, ಈ ಕಾಲದ ಮಕ್ಕಳು.

ಡಾಕ್ಟರ ಹತ್ತಿರವೂ ಹೋಗಿದ್ದೆ. ಬರೆದ ಪುಟಗಳನ್ನು ಕೇಳಿದರು. ಹತ್ತು ದಿನದಿಂದ ಕೈಯಲ್ಲಿ ಒಂದಕ್ಷರವೂ ಬರೆದಿಲ್ಲ ಎಂದು ಆಗಲೇ ನನಗೂ ಗೊತ್ತಾದದ್ದು. ಬೈದರು. ಅವರ ಭುಜ ಇನ್ನೂ ಜಾರಿಯೇ ಇದೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆಯಿಂದ ನೀರೂ ಇಳಿದಿರಲಿಲ್ಲ. ನಾಲ್ವರೂ ಬಂದರು, ತೊಟ್ಟರು, ನಿಂತರು. ನಿಂತಾಗ ಹೋದ ಸಲವೂ ಚೆನ್ನಾಗಿತ್ತು, ಅದನ್ನು ನಾನು ನಂಬಲಿಲ್ಲ. ಯಜಮಾನಿಯೂ ನಂಬಲಿಲ್ಲ, ಕೈಕಟ್ಟಿಕೊಂಡು ಬಾಗಿಲಿಗೆ ಒರಗಿದ್ದಳು.

"ಕೈ ಎತ್ತಿ" ಎಂದೆ.

ಪಿಟೀಲಿನವನು ಪಿಟೀಲು ಗದ್ದಕ್ಕಿಟ್ಟು ಕೈಯೆತ್ತಿದ. ಕೋಟು ಅಲ್ಲಾಡಲಿಲ್ಲ. ಕಾಲರು ಕುತ್ತಿಗೆಯ ಮೇಲೆ ಇದ್ದಲ್ಲೇ ಇತ್ತು. ಅವನು ಮೆಲ್ಲಗೆ ಒಂದು ಸ್ವರ ಎಳೆದ, ಆಮೇಲೆ ಇನ್ನೊಂದು. ಆಮೇಲೆ ನಮ್ಮನ್ನೆಲ್ಲ ಮರೆತು ನುಡಿಸತೊಡಗಿದ. ಹೊಲಿಗೆ ಯಂತ್ರಗಳು ನಿಂತವು. ಕೊಳಲಿನವಳು ಎರಡೂ ಕೈ ಪಕ್ಕಕ್ಕೆತ್ತಿ ನೋಡಿ ತಲೆದೂಗಿದಳು. ಡೋಲಿನ ದಪ್ಪನೆಯವನು ಗಾಳಿಯಲ್ಲೇ ಬಾರಿಸಿದ.

ಮುಗಿದ ಮೇಲೆ ಯಜಮಾನಿ ನನ್ನ ಹತ್ತಿರ ಬಂದಳು. "ನಾಳೆಯಿಂದ ಉಳಿದದ್ದು ಶುರು ಮಾಡಿ ಮಾಸ್ಟ್ರಮ್ಮ. ಮೇಜು ನಿಮ್ಮದು." ಒಂದು ಹೆಜ್ಜೆ ಹೋಗಿ ತಿರುಗಿದಳು. "ಅಪ್ಪನ ಕೋಟನ್ನ ಮತ್ತೆ ಹೊಲಿಸಿಕೊಡಿ. ಇದ್ದ ಹಾಗೇ."

ಮನೆಗೆ ಬಂದು ತಟ್ಟೆ ತುಂಬ ಉಂಡೆ. ನಮ್ಮವರು, "ಹಾಗಾದ್ರೆ ನನ್ನ ಕೋಟು?" ಎಂದರು. ಸರದಿಯಲ್ಲಿ ನಿಲ್ಲಿ ಎಂದೆ.

ಮಾರ್ಚ್ 7, ಶುಕ್ರವಾರ

ನಿನ್ನೆ ಹತ್ತು ಕೋಟಿಗೆ ಬಟ್ಟೆ ಕತ್ತರಿಸಿ ಆಯಿತು. ಇವತ್ತು ಯಜಮಾನಿಗೆ ಒಂದು ಆಸೆ. ಕೈ ಏನು ಮಾಡುತ್ತಿತ್ತೆಂದು ಕಣ್ಣಾರೆ ನೋಡಬೇಕಂತೆ. ಪುಟ್ಟಿ ಯಂತ್ರಕ್ಕೆ ಪೆನ್ನು ಸಿಕ್ಕಿಸಿ, ಕೈಗೆ ಸೊನ್ನೆ ಕೊಟ್ಟು, ಬಟ್ಟೆಯ ಮೇಲೆ ಹಾಸಿದ ಕಾಗದದಲ್ಲಿ ಬರೀ ಸೂತ್ರದ ಗೆರೆಯನ್ನು ನೀಲಿಯಲ್ಲಿ ಎಳೆಸಿದಳು. ಆಮೇಲೆ ಕೈಗೆ ಅದರ ಬೆಲೆ ಕೊಟ್ಟು ಬ್ಲೇಡು ಇಳಿಸಿದಳು.

ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಭುಜದಿಂದ ಹೊರಟ ಬ್ಲೇಡು ಮೊದಲು ನೀಲಿ ಗೆರೆಗೆ ಅಂಟಿಕೊಂಡೇ ಇಳಿಯಿತು. ಕಂಕುಳ ತಿರುವು ಶುರುವಾಗುತ್ತಿದ್ದಂತೆ ಗೆರೆಯನ್ನು ಬಿಟ್ಟು ಮೆಲ್ಲಗೆ ಹೊರಕ್ಕೆ ವಾಲಿತು. ತಿರುವಿನ ಹೊಟ್ಟೆಯಲ್ಲಿ ಅತಿ ದೂರ ಹೋಗಿ, ಆತುರವಿಲ್ಲದೆ ಗೆರೆಯ ಕಡೆಗೆ ಮರಳಿತು. ನನ್ನ ಬಲಗೈ ಮೇಜಿನ ಅಂಚು ಹಿಡಿದುಕೊಂಡು ನಡುಗುತ್ತಲೇ ಇತ್ತು. ಆದರೆ ಅಲ್ಲಿ ಆ ಕರಿ ಬಟ್ಟೆಯ ಮೇಲೆ ಹೋಗುತ್ತಿದ್ದದ್ದು ನನ್ನ ಕೈ. ಎಲ್ಲಿ ಕಂಡರೂ ನಾನು ಗುರುತು ಹಿಡಿಯುತ್ತಿದ್ದೆ. ಅದು ನಡುಗುತ್ತಿರಲಿಲ್ಲ.